ಹಡಗಿನ ಬಸ್ಸೋ, ಬಾಡಿಗೆ ವ್ಯಾನೋ: ಸಿಂಗಪುರ ಕ್ರೂಸ್‌ನ ಬಂದರು ಪ್ರವಾಸಗಳು

ರಜೆಗಳು ಹತ್ತಿರವಾಗುತ್ತಿದ್ದಂತೆ ಕಲಬುರಗಿಯ ಟ್ರಾವೆಲ್ ಏಜೆಂಟರ ಬಳಿ ತಿರುಪತಿ, ಶಿರಡಿ, ಕಾಶಿಗಳ ಜೊತೆಗೆ ಈಗ ಸಿಂಗಪುರ ಕ್ರೂಸ್‌ನ ಪ್ಯಾಕೇಜೂ ಸಲೀಸಾಗಿ ಸಿಗುತ್ತದೆ. ಹೈದರಾಬಾದಿನವರೆಗೆ ರಸ್ತೆ ಅಥವಾ ರೈಲು, ಅಲ್ಲಿಂದ ಸಿಂಗಪುರಕ್ಕೆ ವಿಮಾನ, ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಹಡಗು ಹತ್ತಿದರೆ ಮಲೇಷ್ಯಾದ ಪೋರ್ಟ್ ಕ್ಲಾಂಗ್ ಮತ್ತು ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮರಳಿ ಸಿಂಗಪುರ. ಕ್ಯಾಬಿನ್, ಊಟ, ಮನರಂಜನೆ ಎಲ್ಲವೂ ಊರು ಬಿಡುವ ಮೊದಲೇ ನಿರ್ಧಾರವಾಗಿರುತ್ತವೆ. ಹಡಗು ಬಂದರಿನಲ್ಲಿ ನಿಂತಿರುವ ಆ ಕೆಲವೇ ತಾಸುಗಳಲ್ಲಿ ದಡದ ಮೇಲೆ ಯಾರ ಜೊತೆ ತಿರುಗಾಡಬೇಕು ಎಂಬುದು ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಹಡಗಿನವರೇ ಮಾರುವ ಪ್ರವಾಸದ ಟಿಕೆಟ್ ಕೊಳ್ಳಬೇಕೇ ಅಥವಾ ಸ್ಥಳೀಯ ಚಾಲಕನೊಬ್ಬನ ವಾಹನವನ್ನು ನಾವೇ ಗೊತ್ತುಪಡಿಸಿಕೊಳ್ಳಬೇಕೇ ಎಂದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಪ್ಪತ್ತು ದಾಟಿದ ತಂದೆ ತಾಯಿ, ಮೊಣಕಾಲು ನೋವಿನ ಅತ್ತೆ, ಹೆಂಡತಿ, ಮಗಳು, ನಾನು, ಎಲ್ಲರೂ ಸಸ್ಯಾಹಾರಿಗಳು. ಹೀಗಿರುವ ಕುಟುಂಬವೊಂದು ಎರಡೂ ಬಗೆಯ ಸೇವೆಗಳನ್ನು ಬಳಸಿ ನೋಡಿದ ಮೇಲಿನ ಅಭಿಪ್ರಾಯ ಇಲ್ಲಿದೆ.

ಹಡಗಿನ ಪ್ರವಾಸ ಎಂದರೆ ಹಡಗಿನವರೇ ಬಸ್ಸು ಓಡಿಸುತ್ತಾರೆ ಎಂದು ತಿಳಿಯಬೇಕಾಗಿಲ್ಲ. ಪ್ರತಿ ಬಂದರಿನಲ್ಲಿಯೂ ಆ ಊರಿನ ಪ್ರವಾಸ ಸಂಸ್ಥೆಯೇ ಬಸ್ಸು, ಮಾರ್ಗದರ್ಶಿ, ಊಟ ಇತ್ಯಾದಿಗಳನ್ನು ಒದಗಿಸುತ್ತದೆ; ಹಡಗಿನ ಕಂಪನಿ ಅದನ್ನು ತನ್ನ ಪಾಲು ಸೇರಿಸಿ ಮಾರುತ್ತದೆ, ಮತ್ತು ಟಿಕೆಟ್ಟಿನ ಷರತ್ತುಗಳಲ್ಲಿ ಈ ಸ್ಥಳೀಯ ಸಂಸ್ಥೆಯು ಸ್ವತಂತ್ರ ಗುತ್ತಿಗೆದಾರ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆದ್ದರಿಂದ ಹೆಚ್ಚಿನ ಹಣಕ್ಕೆ ಹೆಚ್ಚು ಒಳ್ಳೆಯ ಮಾರ್ಗದರ್ಶಿ ಸಿಗುತ್ತಾನೆ ಎಂಬ ಭರವಸೆ ಇಲ್ಲ. ಆ ಹಣಕ್ಕೆ ನಿಜವಾಗಿ ಸಿಗುವುದು ಬೇರೆ: ಹಡಗಿನ ಪ್ರವಾಸಕ್ಕೆ ಹೋದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಅದಕ್ಕಾಗಿ ಕಾಯುತ್ತದೆ, ಕಾಯಲಾಗದಿದ್ದರೆ ಆ ಪ್ರಯಾಣಿಕರನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಹೊರುತ್ತದೆ. ಖಾಸಗಿ ವಾಹನದಲ್ಲಿ ಹೋದವರಿಗೆ ಈ ಸೌಲಭ್ಯವಿಲ್ಲ. ಅವರು ತಡವಾದರೆ ಹಡಗು ಹೊರಟೇ ಬಿಡುತ್ತದೆ. ವಿಮಾನವೋ ಟ್ಯಾಕ್ಸಿಯೋ ಹಿಡಿದು ಮುಂದಿನ ಬಂದರಿನಲ್ಲಿ ಹಡಗನ್ನು ಸೇರಿಕೊಳ್ಳುವ ಖರ್ಚು, ವೀಸಾದ ತೊಡಕು ಎಲ್ಲವೂ ಅವರ ತಲೆಯ ಮೇಲೆ. ಕೆಲವು ಹಡಗುಗಳು ಪಾಸ್‌ಪೋರ್ಟನ್ನು ತಮ್ಮಲ್ಲೇ ಇರಿಸಿಕೊಳ್ಳುವುದರಿಂದ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ.

ದರದ ವಿಚಾರ ಬೇಗ ಮುಗಿಯುತ್ತದೆ. ಹಡಗಿನವರು ತಲೆಗೆ ಇಷ್ಟು ಎಂದು ವಸೂಲಿ ಮಾಡುತ್ತಾರೆ, ಖಾಸಗಿಯವರು ವಾಹನಕ್ಕೆ ಇಷ್ಟು ಎಂದು ಹೇಳುತ್ತಾರೆ. ಗಂಡ ಹೆಂಡತಿ ಇಬ್ಬರೇ ಹೋದರೆ ಅಂತರ ಅಷ್ಟಾಗಿ ಕಾಣುವುದಿಲ್ಲ, ಆದರೆ ಆರು ಜನರಿದ್ದಾಗ ಹಡಗಿನ ಎರಡು ಟಿಕೆಟ್ಟಿನ ಆಸುಪಾಸಿನ ಹಣಕ್ಕೆ ಇಡೀ ವ್ಯಾನು ನಮ್ಮದಾಯಿತು. ಹಾಗಿದ್ದರೂ ದರವನ್ನಷ್ಟೇ ನೋಡಿ ಮೂರೂ ಬಂದರುಗಳಿಗೆ ಒಂದೇ ತೀರ್ಮಾನ ಮಾಡುವುದು ತರವಲ್ಲ. ಹಡಗುಕಟ್ಟೆಯಿಂದ ನೋಡಬೇಕಾದ ಸ್ಥಳ ಎಷ್ಟು ದೂರ, ಹಿಂದಿರುಗುವ ದಾರಿ ಎಷ್ಟು ನಂಬಿಕೆಗೆ ಅರ್ಹ ಎಂಬ ಎರಡು ಸಂಗತಿಗಳ ಮೇಲೆ ಪ್ರತಿ ಬಂದರಿಗೂ ಬೇರೆಯಾಗಿಯೇ ಆಯ್ಕೆ ಮಾಡಬೇಕು.

ಪೋರ್ಟ್ ಕ್ಲಾಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾಕೇಜಿನ ಕಾಗದದಲ್ಲಿ ಕೌಲಾಲಂಪುರ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೂ ಹಡಗು ನಿಲ್ಲುವುದು ಕೌಲಾಲಂಪುರದಲ್ಲಿ ಅಲ್ಲ, ಸಮುದ್ರದಂಚಿನ ಪುಲಾವ್ ಇಂದಾ ಎಂಬ ದ್ವೀಪದ ಕಟ್ಟೆಯಲ್ಲಿ. ಅಲ್ಲಿಂದ ನಗರದ ಮಧ್ಯಕ್ಕೆ ರಸ್ತೆಯಲ್ಲಿ ಒಂದು ತಾಸಿಗಿಂತ ಹೆಚ್ಚೇ ಬೇಕು, ಸಂಜೆಯ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಎಷ್ಟು ಹೊತ್ತಾಗುತ್ತದೆ ಎಂದು ಚಾಲಕನೂ ಹೇಳಲಾರ. ಪೋರ್ಟ್ ಕ್ಲಾಂಗ್ ಹೆಸರಿನ ರೈಲು ನಿಲ್ದಾಣ ಇದೆಯಾದರೂ ಅದು ಹಡಗುಕಟ್ಟೆಗೆ ಹತ್ತಿರದಲ್ಲಿಲ್ಲ. ಕಟ್ಟೆಯ ಸುತ್ತಮುತ್ತ ನಡೆದು ನೋಡುವಂಥದ್ದೂ ಏನಿಲ್ಲ.

ಇಲ್ಲಿ ನಾವು ಹಡಗಿನ ಬಸ್ಸನ್ನೇ ಆರಿಸಿಕೊಂಡೆವು. ಬೆಳಗ್ಗೆ ಹಡಗಿನ ನಾಟಕಶಾಲೆಯಲ್ಲಿ ಎಲ್ಲರನ್ನೂ ಕೂಡಿಸಿ, ಅಂಗಿಗೆ ಬಸ್ಸಿನ ಸಂಖ್ಯೆಯ ಚೀಟಿ ಅಂಟಿಸಿ, ಸಾಲಾಗಿ ಇಳಿಸುತ್ತಾರೆ. ಇದಕ್ಕೇ ಮುಕ್ಕಾಲು ತಾಸು ಹೋಯಿತು. ಬಾಟು ಗುಹೆಗಳಲ್ಲಿ 272 ಮೆಟ್ಟಿಲುಗಳಿವೆ. ಕೆಳಗೆ 2006ರಲ್ಲಿ ಅನಾವರಣಗೊಂಡ, 42.7 ಮೀಟರ್ ಎತ್ತರದ ಮುರುಗನ್ ವಿಗ್ರಹ ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತದೆ. ನಲವತ್ತು ಜನರ ಬಸ್ಸಿಗೆ ನಿಗದಿಯಾಗಿದ್ದ ಸಮಯದಲ್ಲಿ ಗಟ್ಟಿಮುಟ್ಟಾದವರು ಹತ್ತಿ ಇಳಿಯಬಹುದಿತ್ತು. ತಂದೆಯವರು ಅರ್ಧ ಏರಿ, ಮಂಗಗಳಿಗೆ ಬೆದರಿ ಕನ್ನಡಕವನ್ನು ಜೇಬಿಗೆ ಸೇರಿಸಿ, ಅಲ್ಲಿಂದಲೇ ಕೈಮುಗಿದು ಇಳಿದರು. ತಾಯಿ ಮತ್ತು ಅತ್ತೆಯವರು ಕೆಳಗೇ ಇರುವ ರಾಮಾಯಣ ಗುಹೆಯನ್ನು ನೋಡಬೇಕೆಂದರೂ ಮಾರ್ಗದರ್ಶಿ ಒಪ್ಪಲಿಲ್ಲ, ಏಕೆಂದರೆ ಅದು ಕಾರ್ಯಕ್ರಮದಲ್ಲಿ ಇರಲಿಲ್ಲ. ಹಡಗಿನ ಪ್ರವಾಸದ ಮುಖ್ಯ ದೋಷ ಇದೇ: ಯಾರ ಕಾಲಿಗೂ ಯಾರ ಆಸಕ್ತಿಗೂ ಅದು ಹೊಂದಿಕೊಳ್ಳುವುದಿಲ್ಲ, ಅಂಗಡಿಯೊಂದರಲ್ಲಿ ಚಾಕೊಲೇಟ್ ಕೊಳ್ಳಲು ಕೊಡುವ ಸಮಯವನ್ನು ಗುಹೆಯೊಂದಕ್ಕೆ ಕೊಡುವುದಿಲ್ಲ. 452 ಮೀಟರ್ ಎತ್ತರದ ಪೆಟ್ರೊನಾಸ್ ಅವಳಿ ಗೋಪುರಗಳನ್ನು ರಸ್ತೆಯ ಆಚೆ ಬದಿಯಿಂದ ಫೋಟೋ ತೆಗೆದುಕೊಂಡದ್ದೇ ಬಂತು.

ಆದರೆ ಮಧ್ಯಾಹ್ನದ ಮೇಲೆ ಜೋರು ಮಳೆ ಸುರಿದು ಹೆದ್ದಾರಿಯ ವಾಹನಗಳು ನಿಂತಲ್ಲೇ ನಿಂತಾಗ ಬಸ್ಸಿನಲ್ಲಿ ಯಾರೂ ಗಾಬರಿಯಾಗಲಿಲ್ಲ. ಎಲ್ಲರೂ ಹಡಗಿನಲ್ಲಿರಬೇಕಾದ ಸಮಯ ಮೀರಿದ ಮೇಲೆ ನಾವು ಕಟ್ಟೆ ತಲುಪಿದೆವು. ಏಣಿ ಇನ್ನೂ ಇಳಿಬಿಟ್ಟೇ ಇತ್ತು, ಸಿಬ್ಬಂದಿ ಕೊಡೆ ಹಿಡಿದು ನಿಂತಿದ್ದರು, ನಮ್ಮ ಹಿಂದೆ ಇನ್ನೊಂದು ಬಸ್ಸು ಬರುವುದಿತ್ತು. ಬಾಡಿಗೆ ಕಾರಿನಲ್ಲಿ ಅದೇ ಮಳೆಗೆ ಸಿಕ್ಕಿದ್ದರೆ ಆ ಎರಡು ತಾಸು ಹೇಗೆ ಕಳೆಯುತ್ತಿತ್ತು ಎಂದು ಯೋಚಿಸಿದರೆ, ಟಿಕೆಟ್ಟಿನ ಹೆಚ್ಚುವರಿ ಹಣ ನನಗೆ ದುಬಾರಿ ಎನಿಸಲಿಲ್ಲ.

ಪೆನಾಂಗ್‌ನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹಡಗು ಜಾರ್ಜ್‌ಟೌನ್‌ನ ಸ್ವೆಟೆನ್‌ಹ್ಯಾಮ್ ಕಟ್ಟೆಗೆ ನೇರವಾಗಿ ತಾಗಿ ನಿಲ್ಲುತ್ತದೆ. ಗೇಟಿನಿಂದ ಹೊರಬಂದು ಕೆಲವೇ ನಿಮಿಷ ನಡೆದರೆ ಕಾರ್ನ್‌ವಾಲಿಸ್ ಕೋಟೆ. 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪೇಟೆಯೇ ಹಡಗಿನ ಬಾಗಿಲಲ್ಲಿ ಇದೆ. ಇಂಥ ಕಡೆ ಹಡಗಿನವರು ನಗರದರ್ಶನ ಎಂದು ಮಾರುವ ಪ್ರವಾಸಕ್ಕೆ ಹಣ ಕೊಡುವುದು ವ್ಯರ್ಥ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ನಾವು ಊರಿನಿಂದಲೇ ವಾಟ್ಸಾಪ್‌ನಲ್ಲಿ ಮಾತಾಡಿ ಒಂದು ವ್ಯಾನನ್ನು ಗೊತ್ತುಪಡಿಸಿದ್ದೆವು. ಮುಂಗಡ ಕೇಳಲಿಲ್ಲ, ಹಣವನ್ನು ದಿನದ ಕೊನೆಗೆ ಕೊಟ್ಟರಾಯಿತು ಎಂದದ್ದರಿಂದಲೇ ಆ ಚಾಲಕನನ್ನು ಆರಿಸಿಕೊಂಡದ್ದು. ತಮಿಳು ಮನೆಮಾತಿನ ಆತ ಮೊದಲು ಕೇಳಿದ ಪ್ರಶ್ನೆ ಹಡಗಿನ ಹೆಸರು ಮತ್ತು ಹೊರಡುವ ಸಮಯ. ಎರಡನೆಯದು, ಗುಂಪಿನಲ್ಲಿ ನಡೆಯಲಾಗದವರು ಯಾರಾದರೂ ಇದ್ದಾರೆಯೇ ಎಂಬುದು. ಇವೆರಡನ್ನು ತಾವಾಗಿ ಕೇಳುವ ಚಾಲಕನಿಗೆ ಹಡಗಿನವರನ್ನು ಕರೆದೊಯ್ದ ಅನುಭವ ಇದೆ ಎಂದು ತಿಳಿಯಬಹುದು. ದೂರದ ಸ್ಥಳವನ್ನು ಮೊದಲು ಮುಗಿಸಿ ಹೊತ್ತು ಕಳೆದಂತೆ ಹಡಗಿಗೆ ಹತ್ತಿರವಾಗುತ್ತ ಬರಬೇಕು ಎಂಬುದು ಅವನ ಕ್ರಮವಾಗಿತ್ತು. ಅದರಂತೆ ಬೆಳಗ್ಗೆಯೇ ಗದ್ದಲ ಶುರುವಾಗುವ ಮುನ್ನ 1923ರಿಂದ ಓಡುತ್ತಿರುವ ರೈಲಿನಲ್ಲಿ ಪೆನಾಂಗ್ ಬೆಟ್ಟ ಏರಿದೆವು. ಕಡಿದಾದ ಹಳಿಯ ಮೇಲೆ ಕೇಬಲ್ ಎಳೆಯುವ ಆ ಡಬ್ಬಿಯಲ್ಲಿ ಕೂತರೆ ಮೊಣಕಾಲಿಗೆ ಕೆಲಸವೇ ಇಲ್ಲ. ಇಳಿದ ಮೇಲೆ ಬೆಟ್ಟದ ಬುಡಕ್ಕೆ ಸಮೀಪದ ಕೆಕ್ ಲೋಕ್ ಸಿ ಬೌದ್ಧ ದೇವಾಲಯ, ನಂತರ ಪೇಟೆ. ವ್ಯಾನನ್ನು ದೇವಾಲಯದ ಮೇಲಿನ ನಿಲುಗಡೆಯವರೆಗೂ ತಂದು ನಿಲ್ಲಿಸಿದ್ದರಿಂದ ಹಿರಿಯರಿಗೆ ಮೆಟ್ಟಿಲುಗಳ ಬಹುಪಾಲು ತಪ್ಪಿತು. ದೊಡ್ಡ ಬಸ್ಸಿನಲ್ಲಿ ಬಂದವರು ಕೆಳಗಿನಿಂದ ನಡೆದು ಏದುಸಿರು ಬಿಡುತ್ತ ಬರುತ್ತಿದ್ದುದು ಕಣ್ಣೆದುರಿಗೇ ಇತ್ತು.

ಪೇಟೆಯಲ್ಲಿ ವ್ಯಾನು ಬಿಟ್ಟು ನಡೆದೆವು. ಕಪಿತಾನ್ ಕೆಲಿಂಗ್ ಮಸೀದಿಯ ಹೆಸರಿನ ಬೀದಿಯಲ್ಲಿ ಮಸೀದಿ, ಚೀನೀ ದೇವಾಲಯ, ಇಂಗ್ಲಿಷರ ಹಳೆಯ ಚರ್ಚು ಒಂದರ ಹಿಂದೊಂದು ಸಿಗುತ್ತವೆ, ಪಕ್ಕದಲ್ಲೇ 1833ರ ಮಹಾಮಾರಿಯಮ್ಮನ ಗುಡಿ. ಬಂದೇನವಾಜರ ದರ್ಗಾ ಮತ್ತು ಶರಣಬಸವೇಶ್ವರ ದೇವಸ್ಥಾನಗಳ ನಡುವೆ ಬೆಳೆದ ನಮ್ಮಂಥವರಿಗೆ ಆ ಬೀದಿ ಪರಕೀಯ ಅನ್ನಿಸುವುದಿಲ್ಲ. ಗುಡಿಯ ಎದುರು ಹೂ ಕಟ್ಟುತ್ತಿದ್ದವಳ ಜೊತೆ ತಾಯಿ ಕನ್ನಡದಲ್ಲಿ, ಅವಳು ತಮಿಳಿನಲ್ಲಿ ಕಾಲು ತಾಸು ಮಾತಾಡಿದರು. ಹಡಗಿನ ಬಸ್ಸಿನಲ್ಲಿ ಬಂದಿದ್ದರೆ ಇದಕ್ಕೆ ಅವಕಾಶ ಇರುತ್ತಿರಲಿಲ್ಲ. ಲಿಟಲ್ ಇಂಡಿಯಾದಲ್ಲಿ ಬಾಳೆ ಎಲೆಯ ಮೇಲೆ ಅನ್ನ, ಸಾರು, ಪಲ್ಯ ಸಿಕ್ಕಿತು. ಸಸ್ಯಾಹಾರಿ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ: ಪೋರ್ಟ್ ಕ್ಲಾಂಗ್‌ನ ಪ್ರವಾಸದಲ್ಲಿ ಸೇರಿದ್ದ ಊಟದಲ್ಲಿ ನಮಗೆ ದಕ್ಕಿದ್ದು ಬಿಳಿ ಅನ್ನ, ಬೇಯಿಸಿದ ಎಲೆಕೋಸು, ಕಲ್ಲಂಗಡಿ ಮಾತ್ರ, ಮತ್ತು ಅಂದು ನಮ್ಮನ್ನು ಕಾಪಾಡಿದ್ದು ಚೀಲದಲ್ಲಿದ್ದ ಶೇಂಗಾ ಹಿಂಡಿ.

ಫುಕೆಟ್ ಮೂರರಲ್ಲಿಯೂ ಕಠಿಣ ಬಂದರು, ಅಲ್ಲಿ ಎರಡು ವಿಷಯಗಳನ್ನು ಏಜೆಂಟರು ಹೇಳುವುದೇ ಇಲ್ಲ. ಒಂದು, ಬಹಳಷ್ಟು ದೊಡ್ಡ ಹಡಗುಗಳು ಪಟಾಂಗ್ ಕೊಲ್ಲಿಯಲ್ಲಿ ನೀರಿನ ನಡುವೆಯೇ ಲಂಗರು ಹಾಕುತ್ತವೆ. ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಮೊದಲ ದೋಣಿಗಳು ಹಡಗಿನ ಟಿಕೆಟ್ ಕೊಂಡವರಿಗೆ ಮೀಸಲು, ಉಳಿದವರು ಸರದಿ ಚೀಟಿ ಹಿಡಿದು ಕಾಯಬೇಕು. ದಡದಲ್ಲಿ ಖಾಸಗಿ ವಾಹನದ ಸಮಯ ಮಾತ್ರ ಅಷ್ಟು ಹೊತ್ತೂ ಓಡುತ್ತಲೇ ಇರುತ್ತದೆ.

ಇನ್ನೊಂದು ಗಡಿಯಾರ. ಮಲೇಷ್ಯಾ ಮತ್ತು ಸಿಂಗಪುರಗಳ ಸಮಯ ಒಂದೇ, ಥಾಯ್ಲೆಂಡಿನದು ಒಂದು ತಾಸು ಹಿಂದೆ. ಹಡಗು ಸಿಂಗಪುರದ ಸಮಯವನ್ನೇ ಇರಿಸಿಕೊಂಡಿದ್ದರೆ, 4 ಗಂಟೆಗೆ ಕೊನೆಯ ದೋಣಿ ಎಂಬುದು ಪಟಾಂಗ್‌ನ ಅಂಗಡಿಯ ಗೋಡೆಯ ಮೇಲೆ 3 ಗಂಟೆಯಾಗಿರುತ್ತದೆ. ಮೊಬೈಲು ದಡದ ಸಿಗ್ನಲ್ ಸಿಕ್ಕ ಕೂಡಲೇ ತಾನಾಗಿ ಥಾಯ್ ಸಮಯಕ್ಕೆ ಬದಲಾಗುತ್ತದೆ, ಚಾಲಕನೂ ಅದೇ ಸಮಯದಲ್ಲಿ ಮಾತಾಡುತ್ತಾನೆ, ಇನ್ನೂ ಒಂದು ತಾಸು ಇದೆಯಲ್ಲ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ನಮ್ಮ ಗುಂಪಿನಲ್ಲಿ ತಂದೆಯವರ ಕೀಲಿ ಕೊಡುವ ಎಚ್‌ಎಂಟಿ ಕೈಗಡಿಯಾರವನ್ನು ಹಡಗಿನ ಸ್ವಾಗತ ಕೌಂಟರಿನ ಗಡಿಯಾರಕ್ಕೆ ಹೊಂದಿಸಿ, ಇಡೀ ದಿನ ಅದನ್ನೊಂದನ್ನೇ ನೋಡಬೇಕೆಂದು ನಿಯಮ ಮಾಡಿಕೊಂಡಿದ್ದೆವು. ಸಂಜೆ ಹಡಗಿನ ಮೇಲಂತಸ್ತಿನಿಂದ ನೋಡಿದಾಗ ಮೂವರು ಪ್ರಯಾಣಿಕರು ಚೀಲ ಎದೆಗವಚಿಕೊಂಡು ಕಟ್ಟೆಯ ಮೇಲೆ ಓಡಿಬಂದು ಕೊನೆಯ ದೋಣಿ ಹಿಡಿದರು. ಕೆಲವರು ಅವರಿಗೆ ಚಪ್ಪಾಳೆ ತಟ್ಟಿದರು, ಅದು ನನಗೆ ಸರಿಕಾಣಲಿಲ್ಲ.

ಆದ್ದರಿಂದ ಫುಕೆಟ್‌ನಲ್ಲಿ ಫಾಂಗ್ ಙಾ ಕೊಲ್ಲಿಯ ಸುಣ್ಣಕಲ್ಲಿನ ದ್ವೀಪಗಳನ್ನೋ ಫಿ ಫಿ ದ್ವೀಪಗಳನ್ನೋ ನೋಡಲೇಬೇಕೆಂದಿದ್ದರೆ ಹಡಗಿನ ಟಿಕೆಟ್ಟನ್ನೇ ಕೊಳ್ಳಿ. ಪಟಾಂಗ್ ಪಶ್ಚಿಮ ತೀರದಲ್ಲಿದೆ, ಆ ಕಡೆಗೆ ಹೊರಡುವ ಸ್ಪೀಡ್‌ಬೋಟ್‌ಗಳ ಕಟ್ಟೆಗಳು ಹೆಚ್ಚಾಗಿ ಪೂರ್ವ ತೀರದಲ್ಲಿವೆ. ದ್ವೀಪವನ್ನು ಅಡ್ಡಲಾಗಿ ದಾಟಿ, ಸಮುದ್ರಕ್ಕಿಳಿದು, ಮತ್ತೆ ಮರಳುವ ಈ ಪ್ರಯಾಣದಲ್ಲಿ ಎಲ್ಲಿ ಬೇಕಾದರೂ ತಡವಾಗಬಹುದು. ನಾವು ಹಡಗಿನ ಅರ್ಧ ದಿನದ ಪ್ರವಾಸದಲ್ಲಿ ಚಲೋಂಗ್‌ನ ಬೌದ್ಧ ಮಂದಿರ ಮತ್ತು ಹಳೆಯ ಫುಕೆಟ್ ಪೇಟೆ ನೋಡಿದೆವು. ಮಾರ್ಗದರ್ಶಿ ಗೋಡಂಬಿ ಅಂಗಡಿಯಲ್ಲಿ ಮತ್ತು ರತ್ನದ ಮಳಿಗೆಯಲ್ಲಿ ಕಳೆದ ಸಮಯ ಮಂದಿರದಲ್ಲಿ ಕಳೆದದ್ದಕ್ಕಿಂತ ಹೆಚ್ಚು. ಖಾಸಗಿ ಚಾಲಕರೂ ಕಮಿಷನ್ನಿಗಾಗಿ ಇದನ್ನೇ ಮಾಡುತ್ತಾರೆ, ಆದರೆ ಅವರಿಗೆ ಅಂಗಡಿ ಬೇಡ ಎಂದು ಹೇಳಬಹುದು. ನಲವತ್ತು ಜನರ ಬಸ್ಸಿನಲ್ಲಿ ಹಾಗೆ ಹೇಳಲಾಗುವುದಿಲ್ಲ. ಮೂರು ಸೇವೆಗಳಲ್ಲಿ ಇದಕ್ಕೇ ನಾನು ಕಡಿಮೆ ಅಂಕ ಕೊಡುತ್ತೇನೆ: ಪೆನಾಂಗ್‌ನ ವ್ಯಾನಿಗೆ ಐದಕ್ಕೆ ಐದು, ಪೋರ್ಟ್ ಕ್ಲಾಂಗ್‌ನ ಬಸ್ಸಿಗೆ ಮೂರೂವರೆ, ಫುಕೆಟ್‌ನದಕ್ಕೆ ಎರಡೂವರೆ.

ನಮ್ಮೂರಿನಲ್ಲಿ ಮಾರಾಟವಾಗುವ ಪ್ರೈವೇಟ್ ಟೂರ್‌ಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಏಜೆಂಟರೊಬ್ಬರು ಮೂರೂ ಬಂದರುಗಳಿಗೆ ಸೇರಿಸಿ ಒಂದೇ ದರ ಹೇಳಿ, ಪೂರ್ತಿ ಹಣವನ್ನು ಮೊದಲೇ ಕೇಳಿದ್ದರು. ಕಾಗದದಲ್ಲಿ ಸ್ಥಳೀಯ ಸಂಸ್ಥೆಯ ಹೆಸರು ಇರಲಿಲ್ಲ, ವಾಹನ ನಮ್ಮೊಬ್ಬರದೇ ಅಥವಾ ಇತರರೊಂದಿಗೆ ಹಂಚಿಕೊಳ್ಳಬೇಕೇ ಎಂಬುದೂ ಇರಲಿಲ್ಲ. ಹವಾಮಾನ ಕೆಟ್ಟು ಹಡಗು ಆ ಬಂದರಿಗೆ ಹೋಗದಿದ್ದರೆ ಹಣ ಮರಳುವುದೇ ಎಂದು ಕೇಳಿದ್ದಕ್ಕೆ, ಹಾಗೆಲ್ಲ ಆಗುವುದಿಲ್ಲ ಸರ್ ಎಂಬ ಉತ್ತರ ಬಂತು. ಅಂಡಮಾನ್ ಸಮುದ್ರದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಅಲೆಗಳಿರುತ್ತವೆ. ದೋಣಿ ಇಳಿಸಲಾಗದಿದ್ದರೆ ಹಡಗು ಫುಕೆಟ್ ಬಿಟ್ಟು ಮುಂದೆ ಹೋಗುವುದು ಅಸಾಧ್ಯವೇನಲ್ಲ, ದಸರಾ ರಜೆಯೂ ಆ ಅವಧಿಯಲ್ಲೇ ಬೀಳಬಹುದು. ಹಡಗಿನ ಟಿಕೆಟ್ ಆದರೆ ಅಂಥ ಸಂದರ್ಭದಲ್ಲಿ ಹಣ ವಾಪಸ್ಸು ಬರುತ್ತದೆ. ಖಾಸಗಿಯವರಾದರೆ ಈ ಷರತ್ತನ್ನು ಬರಹದಲ್ಲಿ ಪಡೆಯಬೇಕು, ಪ್ರವಾಸ ವಿಮೆಯ ಪಾಲಿಸಿಯಲ್ಲಿ ಹಡಗು ತಪ್ಪಿದರೆ ರಕ್ಷಣೆ ಇದೆಯೇ ಎಂಬುದನ್ನೂ ಓದಿಕೊಳ್ಳಬೇಕು.

ಹಡಗಿನಲ್ಲಿ ಕೊಂಡ ಟಿಕೆಟ್ಟಿನ ಹಣ ಕ್ಯಾಬಿನ್ನಿನ ಖಾತೆಗೆ ವಿದೇಶಿ ಕರೆನ್ಸಿಯಲ್ಲಿ ಸೇರುತ್ತದೆ, ಅದರ ಮೇಲೆ ನಮ್ಮ ಬ್ಯಾಂಕು ತನ್ನ ವಿನಿಮಯ ಶುಲ್ಕ ಹಾಕುತ್ತದೆ. ರದ್ದುಪಡಿಸಿದ ಪ್ರವಾಸದ ಮೊತ್ತ ಖಾತೆಯಿಂದ ತೆಗೆದಿದ್ದಾರೆಯೇ ಎಂಬುದನ್ನು ಕೊನೆಯ ರಾತ್ರಿಯೇ ಕೌಂಟರಿನಲ್ಲಿ ವಿಚಾರಿಸುವುದು ಒಳ್ಳೆಯದು, ಸಿಂಗಪುರದಲ್ಲಿ ಇಳಿಯುವ ಬೆಳಗ್ಗೆ ಅಲ್ಲಿನ ಸಾಲು ಬಹಳ ಉದ್ದವಿರುತ್ತದೆ.