ಪುಟ್ಟ ಪಿಸಿಗೆ ದೊಡ್ಡ ಡಿಸ್ಕ್: ಯಾವುದು ಹಾಕಿಸೋಣ?

ಲೆನೊವೊ ಥಿಂಕ್‌ಸೆಂಟರ್ ಟೈನಿ ಥರದ ಪುಟ್ಟ ಪಿಸಿಯಲ್ಲಿ ಜಾಗ ಸಾಲುತ್ತಿಲ್ಲ, ಏನು ಹಾಕಿಸಲಿ ಅಂತ ಕೇಳಿದ್ದೀರಿ. ಮೂರು ದಾರಿ ಇವೆ: ಒಳಗೆ 2.5 ಇಂಚಿನ ಹಾರ್ಡ್ ಡಿಸ್ಕ್, ಅದೇ ಜಾಗಕ್ಕೆ, ಅದೇ ಸಾಟಾ ಕನೆಕ್ಟರ್‌ಗೆ ಕೂರುವ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್), ಇಲ್ಲವೇ ಹೊರಗೆ ಯುಎಸ್‌ಬಿ ಡಿಸ್ಕ್.

ಮೊದಲು ದಪ್ಪ ನೋಡಿ, ಬಹಳ ಜನ ಎಡವುವುದು ಇಲ್ಲೇ. ಇಂಥ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 7 ಮಿಲಿಮೀಟರ್ ಡಿಸ್ಕ್ ಮಾತ್ರ ಕೂರುತ್ತದೆ. ಆ ದಪ್ಪದಲ್ಲಿ ಹಾರ್ಡ್ ಡಿಸ್ಕ್ 2 ಟಿಬಿಗೇ ನಿಂತುಬಿಡುತ್ತದೆ. 4, 5 ಟಿಬಿಯವು 15 ಮಿಲಿಮೀಟರ್. ಎಷ್ಟು ಒತ್ತಿದರೂ ಹೋಗುವುದಿಲ್ಲ. ಎಸ್‌ಎಸ್‌ಡಿ ಆದರೆ 4 ಟಿಬಿಯೂ 7 ಮಿಲಿಮೀಟರ್‌ನಲ್ಲೇ ಸಿಗುತ್ತದೆ.

ಟಿಬಿ ಲೆಕ್ಕದಲ್ಲಿ ಹಾರ್ಡ್ ಡಿಸ್ಕೇ ಅಗ್ಗ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 100ರಿಂದ 140 ಎಂಬಿ, ಸಾಟಾ ಎಸ್‌ಎಸ್‌ಡಿ 500ಕ್ಕಿಂತ ಜಾಸ್ತಿ. ಸಣ್ಣ ಸಣ್ಣ ಫೈಲ್ ತೆರೆಯುವಾಗ ಅಂತರ ಇನ್ನೂ ದೊಡ್ಡದು. ವಿಂಡೋಸ್ ಅನ್ನೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ ಸುಮ್ನೆ ತಲೆನೋವು.

ಬಾಳಿಕೆ? ಬಿದ್ದರೆ, ಅಲುಗಿದರೆ ಎಸ್‌ಎಸ್‌ಡಿ ತಡೆಯುತ್ತದೆ. ಆದರೆ ಸುಳಿವೇ ಕೊಡದೆ ಸಾಯುವುದೂ ಉಂಟು, ಆಗ ಡೇಟಾ ವಾಪಸ್ ತೆಗೆಯುವುದು ಕಷ್ಟ. ಯಾವುದನ್ನು ಹಾಕಿಸಿದರೂ ಬ್ಯಾಕಪ್ ಬೇಕೇ ಬೇಕು.

ಫೋಟೊ, ಸಿನಿಮಾ ಕೂಡಿಡಲು ಮಾತ್ರ ಅಂದರೆ ಯುಎಸ್‌ಬಿ ಡಿಸ್ಕ್ ಸಾಕು, ಸ್ಕ್ರೂ ಬಿಚ್ಚುವ ಗೋಜಿಲ್ಲ. ದಿನವಿಡೀ ವಿಡಿಯೊ ಎಡಿಟಿಂಗ್, ಕೋಡಿಂಗ್ ಇದ್ದರೆ ಎಸ್‌ಎಸ್‌ಡಿಗೆ ದುಡ್ಡು ಹಾಕಿ. ಎಂ.2 ಸ್ಲಾಟ್‌ನಲ್ಲಿ (ಮದರ್‌ಬೋರ್ಡ್ ಮೇಲೆಯೇ ಪುಟ್ಟ ಎಸ್‌ಎಸ್‌ಡಿ ಕೂರಿಸುವ ಜಾಗ) ಆಗಲೇ ವಿಂಡೋಸ್ ಇದ್ದು, ಬಜೆಟ್ ಬಿಗಿಯಾಗಿದ್ದರೆ, 2 ಟಿಬಿ ಹಾರ್ಡ್ ಡಿಸ್ಕೂ ನಡೆಯುತ್ತದೆ.