‘ಅವನು’ ಅಂದರೆ ಯಾವ ಆಟಗಾರ? ಮೂರು ನಿಯಮಾವಳಿಗಳ ಭಾಷೆ

ನಿಯಮಾವಳಿಯನ್ನು ಜನ ತೆರೆಯುವುದು ಬಹುಮಟ್ಟಿಗೆ ಆಟದ ನಡುವೆ ತಕರಾರು ಎದ್ದಾಗ. ಆಗ ಬೇಕಾಗುವುದು ಒಂದೇ ಉತ್ತರ: ಈ ಕಾಯಿ ಯಾರದು, ಈ ಸರದಿ ಯಾರದು? ಸರ್ವನಾಮದ ಆಯ್ಕೆಯನ್ನು ಬರೀ ಮರ್ಯಾದೆಯ ವಿಷಯವೆಂದುಕೊಂಡರೆ, ಯಾರೆಂದು ಸ್ಪಷ್ಟವಾಗಿ ತಿಳಿಯಬೇಕೆಂಬ ಈ ಅರ್ಧ ಬಿಟ್ಟುಹೋಗುತ್ತದೆ. ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ಚೆಸ್ ನಿಯಮಗಳು, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಕ್ಲಬ್ ಎಂಸಿಸಿಯ ಕ್ರಿಕೆಟ್ ನಿಯಮಗಳು, ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಾಟದ ಕಾರ್ಡುಗಳ ಬರಹ, ಈ ಮೂರರ ಇಂಗ್ಲಿಷನ್ನು ಆ ಕಣ್ಣಿನಿಂದ ನೋಡೋಣ.

ಫಿಡೆ ಆರಂಭದಲ್ಲೇ ‘ಹಿ’, ‘ಹಿಸ್’ ಎಂದಲ್ಲೆಲ್ಲ ‘ಶಿ’, ‘ಹರ್’ ಕೂಡ ಸೇರಿದೆ ಎಂದು ಒಂದು ವಾಕ್ಯ ಬರೆದು ಮುಂದೆ ಹೋಗುತ್ತದೆ. ನಡುವಿನ ಒಂದು ನಿಯಮವನ್ನಷ್ಟೇ ತೆರೆದು ನೋಡುವ ಹುಡುಗಿಗೆ ಆ ವಾಕ್ಯ ಸಿಗುವುದೇ ಇಲ್ಲ. ಇದು ಸಾಲದು. ಆದರೆ ‘ಹಿ’ ತೆಗೆದು, ಒಬ್ಬರಿಗೂ ಹಲವರಿಗೂ ಸಲ್ಲುವ ‘ದೇ’ (ಅವರು, ಅವು) ಹಾಕಿದರೆ ಮುಗಿಯಿತೇ? 4.2ನೇ ನಿಯಮ ನೋಡಿ: ಸರದಿ ಇರುವ ಆಟಗಾರ ಮೊದಲು ತನ್ನ ಉದ್ದೇಶ ಹೇಳಿ, ಕಾಯಿಗಳನ್ನು ಅವುಗಳ ಮನೆಯಲ್ಲಿ ಸರಿಪಡಿಸಿಡಬಹುದು. ಇಂಗ್ಲಿಷಿನಲ್ಲಿ ‘ಅವುಗಳ ಮನೆ’ ಎಂಬಲ್ಲಿ ಆಗಲೇ ಒಂದು ‘ದೇರ್’ (ಅವರ, ಅವುಗಳ) ಕೂತಿದೆ. ಆಟಗಾರನಿಗೂ ‘ದೇರ್’ ಕೊಟ್ಟರೆ ಒಂದೇ ವಾಕ್ಯದಲ್ಲಿ ಒಂದೇ ಪದ ಇಬ್ಬರನ್ನು ಹೊರುತ್ತದೆ. ಆಟಗಾರನಿಗೆ ‘ದಿ ಪ್ಲೇಯರ್’ ಎಂದೇ ಮತ್ತೊಮ್ಮೆ ಬರೆಯುವುದು ಪರಿಹಾರ. ಕೇಳಲು ಸ್ವಲ್ಪ ಒರಟು, ಗೊಂದಲ ಮಾತ್ರ ಇರದು.

ಕ್ರಿಕೆಟ್ 2017ರ ಸಂಹಿತೆಯಲ್ಲಿ ‘ಹಿಸ್/ಹರ್’ ಹಿಡಿಯಿತು, 2021ರ ಸೆಪ್ಟೆಂಬರಿನಲ್ಲಿ ‘ಬ್ಯಾಟ್ಸ್‌ಮನ್’ ಬಿಟ್ಟು ‘ಬ್ಯಾಟರ್’ ಎಂದಿತು. ಎರಡನೆಯದು ಒಳ್ಳೆಯ ನಿರ್ಧಾರ. ಓರೆಗೆರೆಯ ಜೋಡಿ ಮಾತ್ರ ಜೋರಾಗಿ ಓದುವಾಗ ನಾಲಗೆಗೆ ತೊಡರುತ್ತದೆ.

ಮೂರರಲ್ಲಿ ನಮ್ಮ ಮೆಚ್ಚುಗೆ ಮ್ಯಾಜಿಕ್‌ಗೆ. 2018ರಲ್ಲಿ ಬಂದ ‘ಡೊಮಿನೇರಿಯ’ ಎಂಬ ಹೊಸ ಕಾರ್ಡುಗಳ ಕಂತಿನಿಂದ ‘ಹಿಸ್ ಆರ್ ಹರ್’ ಹೋಗಿ ‘ದೇರ್’ ಬಂತು. ‘ಟೈಮ್‌ಟ್ವಿಸ್ಟರ್’ ಕಾರ್ಡಿನಲ್ಲಿ ಪ್ರತಿ ಆಟಗಾರರೂ ಕೈಯಲ್ಲಿದ್ದದ್ದನ್ನೂ ಆಡಿ ಮುಗಿದ ರಾಶಿಯನ್ನೂ ತಮ್ಮ ಕಾರ್ಡುಕಟ್ಟಿನೊಳಕ್ಕೆ ಕಲಸಿ 7 ಕಾರ್ಡು ಎತ್ತಿಕೊಳ್ಳಬೇಕು. ಆ ಒಂದು ವಾಕ್ಯದಲ್ಲೇ ಹಳೆಯ ಜೋಡಿ ಎರಡು ಸಲ ಬರುತ್ತಿತ್ತು. ಬೆರಳಗಲದ ಜಾಗದಲ್ಲಿ ಅಷ್ಟು ಉಳಿತಾಯವೂ ದೊಡ್ಡದೇ. ಅದಕ್ಕಿಂತ ಮುಖ್ಯವಾದದ್ದು ‘ಥಾಟ್‌ಸೀಜ್’ ಕಾರ್ಡಿನಲ್ಲಿದೆ: ನೀವು ಗುರಿಯಾಗಿಸಿದ ಆಟಗಾರ ಕೈಯಲ್ಲಿರುವ ಕಾರ್ಡುಗಳನ್ನು ತೋರಿಸಬೇಕು, ಒಂದು ಕಾರ್ಡನ್ನು ‘ನೀವು’ ಆರಿಸುತ್ತೀರಿ, ‘ಆ ಆಟಗಾರ’ ಅದನ್ನು ಎಸೆಯಬೇಕು, 2 ಜೀವ ಕಳೆದುಕೊಳ್ಳುವುದು ‘ನೀವು’. ಕಾರ್ಡು ಆಡಿದವರಿಗೆ ಯಾವಾಗಲೂ ‘ನೀವು’. ಇಬ್ಬರು ಎದುರುಬದುರಾದಲ್ಲಿ ‘ದೇ’ ಬಿಟ್ಟು ಹೆಸರುಪದವನ್ನೇ ಮತ್ತೆ ಬಳಸಿದ್ದಾರೆ. ಈ ಶಿಸ್ತಿನಿಂದಲೇ ಆ ಬರಹ ನಿಲ್ಲುತ್ತದೆ.

ಕನ್ನಡದಲ್ಲಿ ನಿಯಮ ಬರೆಯುವವರು ಇದನ್ನು ಹಾಗೇ ಎತ್ತಿ ತರಬೇಕಿಲ್ಲ. ನಮ್ಮ ನಿಯಮದ ಕ್ರಿಯಾಪದಗಳಿಗೆ ಲಿಂಗವೇ ಇಲ್ಲ: ನಡೆಸಬೇಕು, ಎತ್ತಬಹುದು, ಮುಟ್ಟಬಾರದು, ಹಿಂದೆ ಸರಿಯಕೂಡದು. ಕೆಡುವುದು ‘ಸೋಲುತ್ತಾನೆ’, ‘ಔಟಾಗುತ್ತಾನೆ’ ಎಂದಾಗ. ‘ಆಡುತ್ತಾನೆ/ಳೆ’ ಎಂಬ ತೇಪೆಗಿಂತ ‘ಕಾಯಿ ಮುಗಿದವರಿಗೆ ಸೋಲು’ ಎಂದು ತಿರುಗಿಸಿ ಬರೆಯುವುದು ಮೇಲು. ಚೆಸ್ಸಿನ ಆ ತೊಡಕಿಗೂ ನಮ್ಮಲ್ಲಿ ಮದ್ದಿದೆ: ಆಟಗಾರರಿಗೆ ‘ತಮ್ಮ’, ಕಾಯಿಗಳಿಗೆ ‘ಆಯಾ ಮನೆ’.

‘ಅವರು’ ಎಲ್ಲಕ್ಕೂ ಸಲ್ಲುತ್ತದೆಂದು ನಂಬಬೇಡಿ. ನಾಲ್ವರ ಆಟದಲ್ಲಿ ‘ಅವರು 2 ಕಾರ್ಡು ಎತ್ತಬೇಕು’ ಎಂದರೆ ಗೌರವದ ಒಬ್ಬರೋ, ನಾಲ್ವರೂ ಸೇರಿ 2 ಕಾರ್ಡೋ, ಒಟ್ಟು 8 ಕಾರ್ಡೋ? ‘ಪ್ರತಿಯೊಬ್ಬರೂ ತಲಾ 2’ ಎಂದು ಬರೆದರೆ ವಾದ ನಿಲ್ಲುತ್ತದೆ. ‘ತನ್ನ’ ಪದಕ್ಕೂ ಒಂದು ಕುಳಿ ಇದೆ. ‘ಆಟಗಾರ ಎದುರಾಳಿಗೆ ತನ್ನ ಕಾರ್ಡು ತೋರಿಸಲು ಹೇಳಬಹುದು’ ಎಂಬಲ್ಲಿ ಕಾರ್ಡು ಯಾರದು? ‘ಎದುರಾಳಿಯ ಕೈಯಲ್ಲಿರುವ ಕಾರ್ಡು ತೋರಿಸಿರೆಂದು ನೀವು ಕೇಳಬಹುದು’ ಎಂದರೆ ಸರಿಹೋಗುತ್ತದೆ.

ಕರಡು ಮುಗಿದ ಮೇಲೆ ಕಡತದಲ್ಲಿ ‘ತ್ತಾನೆ’, ‘ಅವರ’, ‘ತನ್ನ’ ಈ ಮೂರನ್ನೂ ಹುಡುಕಿ. ಆಟ ಗೊತ್ತಿಲ್ಲದವರೊಬ್ಬರಿಗೆ ಆ ವಾಕ್ಯಗಳನ್ನು ಓದಿಹೇಳಿ, ಪ್ರತಿ ಸಲವೂ ಮೇಜಿನ ಸುತ್ತ ಕೂತವರಲ್ಲಿ ಯಾರೆಂದು ಬೆರಳು ತೋರಿಸಲು ಹೇಳಿ. ಬೆರಳು ತಡವರಿಸಿದ ವಾಕ್ಯವನ್ನು ಮತ್ತೆ ಬರೆಯಿರಿ.