ಇಪ್ಪತ್ತು ವರ್ಷ ದಾಟಿದ ಸ್ಪ್ಲೆಂಡರ್ ಬೈಕ್ ಎಫ್‌ಸಿ ಪಾಸಾಗುತ್ತಾ? ನನ್ನ ಅನುಭವ

2004ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್, ಕೆಎ-06, ಅಂದ್ರೆ ತುಮಕೂರಿನ ಗಾಡಿ. ಅಪ್ಪ ತಗೊಂಡಿದ್ದು, ಈಗ ನನ್ನ ಕೈಗೆ ಬಂದಿದೆ. ಮೈಲೇಜು, ಪಿಕಪ್ಪು ಎಲ್ಲ ಊರಿಗೇ ಗೊತ್ತಿರೋ ವಿಷಯ, ಅದನ್ನ ಮತ್ತೆ ಬರೆಯಲ್ಲ. ಹದಿನೈದು ವರ್ಷ ದಾಟಿದ ಮೇಲೆ ಆರ್‌ಟಿಒ ಮುಂದೆ ನಿಲ್ಲಿಸಿದ್ರೆ ಎಫ್‌ಸಿ, ಅಂದ್ರೆ ಗಾಡಿ ಓಡಿಸೋಕೆ ಯೋಗ್ಯವಾ ಅನ್ನೋ ತಪಾಸಣೆ, ಪಾಸಾಗುತ್ತಾ ಅಂತ ತುಂಬಾ ಜನ ಕೇಳ್ತಾರೆ. ಆಗುತ್ತೆ. 2019ರಲ್ಲಿ ಆಯ್ತು, 2024ರಲ್ಲೂ ಆಯ್ತು. ಎರಡು ಸಲವೂ ಏಜೆಂಟ್ ಹಿಡಿದಿಲ್ಲ, ಎರಡು ಸಲವೂ ವಾಪಸ್ ಕಳಿಸಿಲ್ಲ. ಫಾರಂ 25 ಹಾಕಿ ಆರ್‌ಸಿ ನವೀಕರಣ ಮಾಡಿಸಿದ್ರೆ ಐದು ವರ್ಷ ನಿಶ್ಚಿಂತೆ.

ಎಲ್ಲರೂ ಹೆದರೋದು ಹೊಗೆಗೆ. ಈ ಇಂಜಿನ್ ವಿಷಯದಲ್ಲಿ ಆ ಭಯ ಬೇಡ. ಬಿಎಸ್-4 ಅನ್ನೋ ಹೊಗೆ ನಿಯಮಕ್ಕಿಂತ ಹಳೇ ಗಾಡಿ ಆದ್ದರಿಂದ ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್ ಮಾಡಿಸಬೇಕು. 2000ದ ಮಾರ್ಚ್ ನಂತರ ತಯಾರಾದ ಇಂಥ ಫೋರ್ ಸ್ಟ್ರೋಕ್ ಬೈಕಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 3.5, ಹೈಡ್ರೋಕಾರ್ಬನ್ 4500 ಪಿಪಿಎಂ ಮೀರಬಾರದು. ನಮ್ಮದು ಆ ಗಡಿಯ ಹತ್ತಿರಕ್ಕೂ ಹೋಗಿಲ್ಲ. ಏರ್ ಫಿಲ್ಟರ್ ಕ್ಲೀನಾಗಿರಬೇಕು, ಕಾರ್ಬರೇಟರ್ ಟ್ಯೂನಿಂಗ್ ಸರಿ ಇರಬೇಕು, ಅಷ್ಟೇ. ಕ್ಯಾತ್ಸಂದ್ರದಿಂದ ಬಟವಾಡಿವರೆಗೆ ಓಡಿಸ್ಕೊಂಡು ಹೋಗಿ, ಇಂಜಿನ್ ಬಿಸಿ ಇರುವಾಗಲೇ ಸೈಲೆನ್ಸರ್‌ಗೆ ಟೆಸ್ಟಿನ ಪೈಪ್ ಹಾಕಿಸ್ತೀನಿ. ಚೋಕ್ ಎಳೆದುಕೊಂಡು ತಣ್ಣಗಿನ ಇಂಜಿನ್ ಕೊಟ್ರೆ ಪೆಟ್ರೋಲ್ ಸರಿಯಾಗಿ ಉರಿಯದೆ ರೀಡಿಂಗ್ ಏರೋದು ಸಹಜ. ಸೈಲೆನ್ಸರ್ ಕೆಳಗಡೆ ತುಕ್ಕು ಹಿಡಿದು ತೂತಾಗಿದ್ರೆ ಹೊರಗಿನ ಗಾಳಿ ಸೇರಿಕೊಳ್ಳುತ್ತೆ, ಆಗಲೂ ರೀಡಿಂಗ್ ನಂಬೋ ಹಾಗಿಲ್ಲ.

ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ಚಾಸಿ ನಂಬರ್ ಬಗ್ಗೆ, ಅಂದ್ರೆ ಗಾಡಿಯ ಚೌಕಟ್ಟಿನ ಮೇಲೆ ಒತ್ತಿರೋ ಗುರುತಿನ ನಂಬರ್. ಸಾಲಲ್ಲಿ ನಿಂತಾಗ ನೋಡಿದ್ದೀನಿ, ಇಂಜಿನ್ ಗುಂಡುಕಲ್ಲಿನ ಹಾಗಿದ್ದ ಗಾಡಿಗಳೂ ಆ ನಂಬರ್ ಓದೋಕಾಗಲ್ಲ ಅನ್ನೋ ಇದೊಂದೇ ಕಾರಣಕ್ಕೆ ವಾಪಸ್ ಹೋಗಿವೆ. ಹ್ಯಾಂಡಲನ್ನ ಪೂರ್ತಿ ಎಡಕ್ಕೆ ತಿರುಗಿಸಿ ಬಗ್ಗಿ ನೋಡಿ. ಹೆಡ್‌ಲೈಟ್ ಹಿಂದೆ, ಹ್ಯಾಂಡಲ್ ಕೂರೋ ಕೊಳವೆಯ ಬಲಗಡೆ ಆ ನಂಬರ್ ಒತ್ತಿರ್ತಾರೆ. ಕೇಬಲ್ಲು, ವೈರು ಎಲ್ಲ ಅದರ ಪಕ್ಕದಲ್ಲೇ ಹಾದು ಹೋಗುತ್ತೆ. ವರ್ಷಗಟ್ಟಲೆ ಉಜ್ಜಿ ಪೇಂಟ್ ಹೋಗುತ್ತೆ, ಮಳೆನೀರು ನಿಲ್ಲುತ್ತೆ, ಧೂಳು ಎಣ್ಣೆ ಸೇರಿ ಗಟ್ಟಿಯಾಗುತ್ತೆ. ಒಳಗೊಳಗೇ ತುಕ್ಕು ಹರಡಿದ ಮೇಲೆ 8 ಯಾವುದು, 3 ಯಾವುದು ಅಂತ ಬ್ರೇಕ್ ಇನ್‌ಸ್ಪೆಕ್ಟರ್ ಟಾರ್ಚ್ ಬಿಟ್ಟು ನೋಡಿದ್ರೂ ಗೊತ್ತಾಗಲ್ಲ. ಯಾವ ಕಂಪನಿಯ ಬೈಕಾದ್ರೂ ಕಬ್ಬಿಣ ಕಬ್ಬಿಣವೇ.

ತಿಂಗಳಿಗೊಂದು ಭಾನುವಾರ ಬೆಳಗ್ಗೆ ನನ್ನ ಕೆಲಸ ಇದು. ಹಳೇ ಬನಿಯನ್ ಬಟ್ಟೆಯನ್ನ ಸೀಮೆಎಣ್ಣೆಯಲ್ಲಿ ಅದ್ದಿ ನಂಬರ್ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡೀತೀನಿ, ಕೊಳೆ ಮೆತ್ತಗಾಗುತ್ತೆ. ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ಒಂದೊಂದು ಅಂಕಿಯ ಸಂದಿಯನ್ನೂ ಬಿಡಿಸಿ, ಒಣಗಿದ ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಲ್ಲಿ ತೆಳ್ಳಗೆ ಗ್ರೀಸ್ ಸವರ್ತೀನಿ. ಆಮೇಲೆ ಇಂಜಿನ್ ನಂಬರ್‌ಗೂ ಅದೇ ಉಪಚಾರ. ಆಯುಧಪೂಜೆ ದಿನ ಮನೆಯಲ್ಲಿ ಯಾರಾದ್ರೂ ನಂಬರ್ ಮೇಲೆ ಅರಿಶಿನ ಕುಂಕುಮ ಹಚ್ಚಿದ್ರೆ ಸಂಜೆಗೇ ಒರೆಸಿಬಿಡ್ತೀನಿ, ಒದ್ದೆ ಅಲ್ಲೇ ಉಳಿದ್ರೆ ತುಕ್ಕಿಗೆ ದಾರಿ. ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ. ನಂಬರ್ ತೀಡಿದ ಗುರುತು ಕಂಡ್ರೆ ಕದ್ದ ಗಾಡಿಯಾ ಅನ್ನೋ ಅನುಮಾನ ಬರುತ್ತೆ, ಆರ್‌ಟಿಒ ಅನುಮತಿ ಇಲ್ಲದೆ ಮತ್ತೆ ಪಂಚ್ ಮಾಡಿಸೋ ಹಾಗೂ ಇಲ್ಲ.

2024ರಲ್ಲಿ ಅದರ ಫಲ ಕಂಡೆ. ನಂಬರಿನ ಅಚ್ಚು ತೆಗೆಯೋಕೆ ಅದರ ಮೇಲೆ ಪೆನ್ಸಿಲ್ ಉಜ್ಜಿ, ಸೆಲ್ಲೋಟೇಪ್ ಒತ್ತಿ ಎಳೆದಾಗ ಅಷ್ಟೂ ಅಕ್ಷರ ಅಚ್ಚೊತ್ತಿದ ಹಾಗೆ ಎದ್ದು ಬಂತು. ಇನ್‌ಸ್ಪೆಕ್ಟರ್ ಆರ್‌ಸಿ ಜೊತೆ ಹಿಡಿದು ನೋಡಿ, “ಚೆನ್ನಾಗಿ ಇಟ್ಕೊಂಡಿದ್ದೀರಪ್ಪ” ಅಂದ್ರು. ಅಪ್ಪನಿಗೆ ಹೇಳಿದೆ, ಅವರಿಗೂ ಖುಷಿಯಾಯ್ತು. ಹೆಡ್‌ಲೈಟು, ಇಂಡಿಕೇಟರು, ಹಾರನ್ನು, ಬ್ರೇಕ್ ಲೈಟು, ಕನ್ನಡಿ, ಎಚ್‌ಎಸ್‌ಆರ್‌ಪಿ ಅನ್ನೋ ಹೊಸ ಸುರಕ್ಷತಾ ನಂಬರ್ ಪ್ಲೇಟು ಎಲ್ಲ ಆಮೇಲೆ ಬೇಗ ಮುಗೀತು. ಹಿಂದಿನ ಬ್ರೇಕ್ ಸ್ವಿಚ್ಚಿನ ಸ್ಪ್ರಿಂಗ್ ಒಂದನ್ನ ಹೋಗೋ ಮೊದಲು ಬದಲಾಯಿಸಿಕೊಳ್ಳಿ, ಹಳೇ ಗಾಡಿಯಲ್ಲಿ ಅದು ಸಡಿಲವಾಗಿ ಲೈಟ್ ಕೈಕೊಡುತ್ತೆ.

ಬೇಜಾರಿರೋದು ದುಡ್ಡಿನ ವಿಷಯಕ್ಕೆ. 2019ರಲ್ಲಿ ಬೈಕಿನ ನವೀಕರಣ ಶುಲ್ಕ 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 1000 ಆಯ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಬೈಕಿಗೆ 2000 ಮಾಡಿದೆ. ಹಳೇ ಗಾಡಿಗೆ ಹಾಕೋ ಹಸಿರು ತೆರಿಗೆ ಬೇರೆ. ತಡ ಮಾಡಿದ್ರೆ ತಿಂಗಳಿಗೆ 300ರಂತೆ ದಂಡ. ಹೊಗೆ ಉಗುಳೋ ಗಾಡಿಗೂ, ಮಿತಿಯೊಳಗೇ ಇರೋ ಗಾಡಿಗೂ ವಯಸ್ಸು ಒಂದೇ ಆದ್ರೆ ಶುಲ್ಕವೂ ಒಂದೇ ಅನ್ನೋದು ನನಗೆ ಸರಿ ಕಾಣಲ್ಲ. ತಪಾಸಣೆ ಬಿಗಿ ಮಾಡಲಿ, ನಾನೇ ಮೊದಲು ಹೋಗಿ ನಿಲ್ತೀನಿ. ನನ್ನಂಥ ಸಂಬಳದವನು ಹೊಸ ಬೈಕಿನ ಕಂತು ಕಟ್ಟೋ ಬದಲು ಇದನ್ನೇ ಇಟ್ಕೊಂಡಿರೋದು. 2029ಕ್ಕೆ ಆ 2000ವನ್ನೂ ಕಟ್ಟೇ ಕಟ್ತೀನಿ, ಹೊಸದಕ್ಕೆ ಲೆಕ್ಕ ಹಾಕಿದ್ರೆ ಇದು ಈಗಲೂ ಕಡಿಮೆಯೇ.

ಹಳೇ ಸ್ಪ್ಲೆಂಡರ್ ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋರು ಕಿಕ್ ಹೊಡೆದು ಶಬ್ದ ಕೇಳೋಕೆ ಮೊದಲು ಒಂದು ಪೆನ್ಸಿಲ್ಲೂ ಸೆಲ್ಲೋಟೇಪೂ ಜೇಬಲ್ಲಿಟ್ಟುಕೊಂಡು ಹೋಗಿ. ನಂಬರ್ ಪೂರ್ತಿ ಬರದಿದ್ರೆ ಎಷ್ಟೇ ಕಡಿಮೆಗೆ ಕೊಟ್ರೂ ಬೇಡ.